ಅನಿಮೇಷನ್ ಸೀಕ್ವೆಲ್: ಬರೆಯುವ ಕೈ ಬದಲಾದರೆ ಕತೆಯಲ್ಲಿ ಬದಲಾಗುವುದೇನು?

ಸೀನ್‌47:

ಅನಿಮೇಷನ್ ಸಿನಿಮಾಗಳ ಮೊದಲ ಭಾಗ, ಎರಡನೇ ಭಾಗಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಚಿತ್ರಕಥೆಯ ದೃಷ್ಟಿಯಿಂದ ನೋಡುತ್ತಿದ್ದೇನೆ. ಪಾತ್ರಗಳು ಅವೇ, ಲೋಕವೂ ಅದೇ. ಬರೆದವರು ಬೇರೆಯಾದಾಗ ಕತೆ ಎಲ್ಲೋ ಒಂದು ಕಡೆ ತಿರುಗಿಕೊಳ್ಳುತ್ತದೆ, ಆದರೆ ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಆಗುತ್ತಿಲ್ಲ.

‘ಕುಂಗ್ ಫು ಪಾಂಡಾ’ದ ಮೊದಲ ಮೂರೂ ಭಾಗಗಳ ಚಿತ್ರಕಥೆ ಜೊನಾಥನ್ ಐಬೆಲ್ ಮತ್ತು ಗ್ಲೆನ್ ಬರ್ಗರ್ ಜೋಡಿಯದು. ‘ಶ್ರೆಕ್’ನಲ್ಲಿ ಹೆಚ್ಚುಕಡಿಮೆ ಪ್ರತಿ ಭಾಗಕ್ಕೂ ಹೆಸರುಗಳು ಬದಲಾಗಿವೆ. ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’ ಮೊದಲ ಭಾಗಕ್ಕೆ ಮೂವರು, ಮುಂದಿನ ಎರಡಕ್ಕೆ ಡೀನ್ ಡೆಬ್ಲುವಾ ಒಬ್ಬರೇ. ‘ಟಾಯ್ ಸ್ಟೋರಿ 4’ರಲ್ಲಿ ಕತೆಯ ಕ್ರೆಡಿಟ್‌ನಲ್ಲೇ 8 ಹೆಸರುಗಳಿವೆ. ಇಷ್ಟು ಜನರಲ್ಲಿ ಕತೆಯನ್ನು ತಿರುಗಿಸಿದ್ದು ಯಾರು ಅಂತ ಹೇಗೆ ಓದುವುದು? ಇನ್ನೊಬ್ಬರು ಬರೆದ 85 ಪುಟದ ಮೊದಲ ಭಾಗವನ್ನು ಕೈಗಿಟ್ಟು ‘ಎರಡನೇದು ಬರೀರಿ’ ಅಂದರೆ ಎಲ್ಲಿಂದ ಶುರು ಮಾಡಬೇಕು? ‘ಪಾತ್ರಕ್ಕೆ ನಿಷ್ಠರಾಗಿರಿ’ ಅನ್ನುವಂಥ ಉತ್ತರ ಬೇಡ, ದಯವಿಟ್ಟು.


ಹಳೇರೀಲು:

ಮೊದಲು ಕ್ರೆಡಿಟ್ ವಿಷಯ ಮುಗಿಸಿಬಿಡೋಣ. ಎಲ್ಲರೂ ಎಡವುವುದು ಅಲ್ಲೇ.

ಹಾಲಿವುಡ್ ಪದ್ಧತಿಯಲ್ಲಿ ಕತೆಗೊಂದು ಕ್ರೆಡಿಟ್, ಚಿತ್ರಕಥೆಗೊಂದು ಕ್ರೆಡಿಟ್. ಎರಡು ಹೆಸರುಗಳ ನಡುವೆ ‘&’ ಗುರುತಿದ್ದರೆ ಜೋಡಿಯಾಗಿ ಕೂತು ಬರೆದವರು. ಅದೇ ಜಾಗದಲ್ಲಿ ‘ಆ್ಯಂಡ್’ ಅಂತ ಅಕ್ಷರದಲ್ಲಿದ್ದರೆ ಬೇರೆಬೇರೆಯಾಗಿ, ಸಾಮಾನ್ಯವಾಗಿ ಒಬ್ಬರ ಡ್ರಾಫ್ಟ್ ಮೇಲೆ ಇನ್ನೊಬ್ಬರು, ಕೆಲಸ ಮಾಡಿದವರು. ಇದು ಅಮೆರಿಕದ ಚಿತ್ರಕಥೆಗಾರರ ಸಂಘ ರೈಟರ್ಸ್ ಗಿಲ್ಡ್‌ನ ಕಟ್ಟಳೆ. ಆದರೆ ಅಮೆರಿಕದ ದೊಡ್ಡ ಸ್ಟುಡಿಯೋಗಳ ಅನಿಮೇಷನ್ ಚಿತ್ರಗಳಲ್ಲಿ ಹೆಚ್ಚಿನವು ಆ ಗಿಲ್ಡ್‌ನ ವ್ಯಾಪ್ತಿಗೆ ಬರುವುದೇ ಇಲ್ಲ. ಯಾರ ಹೆಸರು ಹಾಕಬೇಕು ಎಂಬ ತಕರಾರನ್ನು ಅಲ್ಲಿ ರೈಟರ್ಸ್ ಗಿಲ್ಡ್ ಪಂಚಾಯಿತಿ ಮಾಡಿ ತೀರಿಸುವುದಿಲ್ಲ. ಹಾಗಾಗಿ ಕ್ರೆಡಿಟ್ ಸಾಲನ್ನು ಸುಳಿವು ಅಂತ ಓದಿ, ಸಾಕ್ಷಿ ಅಂತ ಓದಬೇಡಿ.

ಎರಡನೆಯದು, ಅನಿಮೇಷನ್‌ನಲ್ಲಿ ಚಿತ್ರಕಥೆ ಬರೆದು ಮುಗಿಸಿ ಶೂಟಿಂಗ್‌ಗೆ ಕೊಡುವ ವಸ್ತು ಅಲ್ಲ. ಕೆಲಸ ಸಾಗುವುದು ಹೀಗೆ: 10–20 ಪುಟದ ಟ್ರೀಟ್‌ಮೆಂಟ್ (ಸಂಭಾಷಣೆಯಿಲ್ಲದ ಕತೆಯ ಸಾರ), ಅದರ ಮೇಲೆ 80–95 ಪುಟದ ಡ್ರಾಫ್ಟ್. ಡ್ರಾಫ್ಟನ್ನು 25–35 ಸೀಕ್ವೆನ್ಸ್‌ಗಳಾಗಿ ಒಡೆಯುತ್ತಾರೆ, ಒಂದೊಂದು ಸುಮಾರು 2–4 ನಿಮಿಷ. ಒಂದೊಂದು ಸೀಕ್ವೆನ್ಸೂ ಒಬ್ಬ ಸ್ಟೋರಿಬೋರ್ಡ್ (ದೃಶ್ಯಗಳನ್ನು ಚಿತ್ರಗಳಾಗಿ ಬರೆಯುವ) ಕಲಾವಿದರ ಕೈಗೆ ಹೋಗುತ್ತದೆ. ಚಿತ್ರಗಳನ್ನು ಜೋಡಿಸಿ, ಆಫೀಸಿನವರದೇ ತಾತ್ಕಾಲಿಕ ಧ್ವನಿ, ಎಲ್ಲಿಂದಲೋ ತಂದ ಸಂಗೀತ ಹಾಕಿ ಸ್ಟೋರಿ ರೀಲ್ ಮಾಡುತ್ತಾರೆ. ಅದನ್ನು ಪೂರ್ತಿ ಸಿನಿಮಾದಂತೆ ಒಳಗಿನವರಿಗೆ ತೋರಿಸಿ, ಟಿಪ್ಪಣಿ ತಗೊಂಡು, ಮತ್ತೆ ಬರೆಯುತ್ತಾರೆ. ಕೆಲವು ತಿಂಗಳಿಗೊಮ್ಮೆ ಇದೇ ಸುತ್ತು. ಇಂಥ ಆರೆಂಟು ಪ್ರದರ್ಶನ ಆಗುವ ಹೊತ್ತಿಗೆ ಮೊದಲ ಡ್ರಾಫ್ಟ್‌ನ ಸಂಭಾಷಣೆ ಎಷ್ಟು ಉಳಿದಿದೆ ಅಂತ ಹುಡುಕಬೇಕಾಗುತ್ತದೆ.

ಸೀಕ್ವೆಲ್ ಕೆಡುವ ಒಂದು ಜಾಗ ಇಲ್ಲೇ ಇದೆ. ಬೋರ್ಡ್‌ನಲ್ಲಿ ಭರ್ಜರಿ ನಗೆ ತಂದ ಸೀಕ್ವೆನ್ಸನ್ನು ಯಾರಿಗೂ ಕಿತ್ತುಹಾಕಲು ಮನಸ್ಸಾಗುವುದಿಲ್ಲ. ಮೂರನೇ ರೀಲ್ ಹೊತ್ತಿಗೆ ಕತೆಯ ಬೆನ್ನೆಲುಬು ಬದಲಾಗಿರುತ್ತದೆ, ಆ ಸೀಕ್ವೆನ್ಸ್ ಮಾತ್ರ ಹಳೆಯ ಬೆನ್ನೆಲುಬಿಗೆ ಅಂಟಿಕೊಂಡೇ ಇರುತ್ತದೆ. ತೆರೆಯ ಮೇಲೆ ಅದು ‘ಚೆನ್ನಾಗಿದೆ, ಆದರೆ ಯಾಕಿದೆ?’ ಅನ್ನಿಸುವ ಐದು ನಿಮಿಷ. ಹೊಸ ಲೇಖಕರು ನಡುವೆ ಬಂದರೆ ಅವರು ಮಾಡುವ ಮೊದಲ ಕೆಲಸವೇ ಇಂಥವನ್ನು ಕೀಳುವುದು. ನೋವಿಲ್ಲದೆ ಕೀಳಲು ಆಗುವುದೂ ಅವರಿಗೇ.

‘ಟಾಯ್ ಸ್ಟೋರಿ 3’ ತಗೊಳ್ಳಿ. ಟ್ರೀಟ್‌ಮೆಂಟ್ ಆ್ಯಂಡ್ರ್ಯೂ ಸ್ಟ್ಯಾಂಟನ್ ಅವರದು, ಚಿತ್ರಕಥೆ ಸ್ಟುಡಿಯೋ ಹೊರಗಿನಿಂದ ಬಂದ ಮೈಕಲ್ ಆರ್ನ್‌ಟ್ ಅವರದು. ‘ಗೊಂಬೆಗಳ ಒಡೆಯ ಆ್ಯಂಡಿ ದೊಡ್ಡವನಾಗಿ ಕಾಲೇಜಿಗೆ ಹೊರಟಿದ್ದಾನೆ’ ಎಂಬ ಸ್ಥಿತಿ ಕತೆಯ ಮಟ್ಟದ್ದು. ಯಾವ ದೃಶ್ಯದಲ್ಲಿ ಯಾರು ಏನನ್ನು ಕಳೆದುಕೊಳ್ಳುತ್ತಾರೆ, ಯಾವ ಕ್ರಮದಲ್ಲಿ ಕಳೆದುಕೊಳ್ಳುತ್ತಾರೆ ಅನ್ನುವುದು ಚಿತ್ರಕಥೆಯ ಮಟ್ಟದ್ದು. ಇನ್ನೊಂದು ತಮಾಷೆ: ಆಸ್ಕರ್ ಲೆಕ್ಕದಲ್ಲಿ ಸೀಕ್ವೆಲ್ ಅಂದರೆ ಆಧಾರಿತ ಚಿತ್ರಕಥೆ. 1995ರ ಮೊದಲ ಭಾಗ ಸ್ವಂತ ಚಿತ್ರಕಥೆ ವಿಭಾಗದಲ್ಲಿ ನಾಮನಿರ್ದೇಶನಗೊಂಡಿತ್ತು, 2010ರ ಮೂರನೇ ಭಾಗ ಆಧಾರಿತ ವಿಭಾಗದಲ್ಲಿ.


ಮಸಿಕುಡಿಕೆ:

ಕ್ರೆಡಿಟ್ ಬಗ್ಗೆ ಹಳೇರೀಲು ಅವರು ಹೇಳಿದ್ದು ಸರಿ. ಕತೆ ತಿರುಗುವ ಜಾಗದ ಬಗ್ಗೆ ನಾನು ಹೇಳುತ್ತೇನೆ.

ಮೊದಲ ಭಾಗದ ಕೊನೆಯಲ್ಲಿ ನಾಯಕ ಒಂದು ತೀರ್ಮಾನ ಮಾಡಿರುತ್ತಾನೆ. ಎರಡನೇ ಭಾಗ ಬರೆಯುವವರು ಆ ತೀರ್ಮಾನವನ್ನು ಏನು ಮಾಡುತ್ತಾರೆ ಅಂತ ನೋಡಿ. ಅದನ್ನು ಒರೆಸಿಹಾಕಿ ಅದೇ ಪಾಠವನ್ನು ಮತ್ತೆ ಕಲಿಸಬಹುದು. ಹಾಗೇ ಬಿಟ್ಟು ಬೇರೆ ಊರು, ಬೇರೆ ಖಳ ತರಬಹುದು. ಇಲ್ಲವೇ ಆ ತೀರ್ಮಾನ ನಿಜ ಅಂತಲೇ ಒಪ್ಪಿಕೊಂಡು ಅದರ ಬೆಲೆ ಎಷ್ಟು ಅಂತ ಕೇಳಬಹುದು. ಲೇಖಕರ ನಡುವಿನ ದೊಡ್ಡ ವ್ಯತ್ಯಾಸ ಇದೇ. ಉಳಿದದ್ದೆಲ್ಲ ಶೈಲಿ.

ಈ ಮೂರನೇ ದಾರಿಗೆ ‘ಟಾಯ್ ಸ್ಟೋರಿ 2’ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅದು ಶುರುವಾಗಿದ್ದು ನೇರ ವಿಡಿಯೊ ಬಿಡುಗಡೆಗೆ. ಆಮೇಲೆ ಚಿತ್ರಮಂದಿರಕ್ಕೆ ಅಂತ ನಿರ್ಧಾರವಾಯಿತು. ಬಿಡುಗಡೆಗೆ ಸುಮಾರು 9 ತಿಂಗಳಿರುವಾಗ ಕತೆಯನ್ನು ಬಿಚ್ಚಿ ಮತ್ತೆ ಕಟ್ಟಿದರು. ಚಿತ್ರಕಥೆಗೆ ಸ್ಟ್ಯಾಂಟನ್, ರೀಟಾ ಶಾವ್, ಡಗ್ ಚೇಂಬರ್ಲಿನ್, ಕ್ರಿಸ್ ವೆಬ್ ಅವರ ಹೆಸರಿದೆ. ಕತೆಯ ದೊಡ್ಡ ಹಂದರ ಮೊದಲೂ ಅದೇ ಇತ್ತು: ಗೊಂಬೆ ಸಂಗ್ರಹಿಸುವವನೊಬ್ಬ ನಾಯಕ ಗೊಂಬೆ ವುಡಿಯನ್ನು ಕದಿಯುತ್ತಾನೆ, ಟೋಕಿಯೋದ ಮ್ಯೂಸಿಯಂಗೆ ಮಾರಲು ಹೊರಡುತ್ತಾನೆ, ವುಡಿ ಅಲ್ಲಿಗೆ ಹೋಗಬೇಕೋ ಆ್ಯಂಡಿಯ ಹತ್ತಿರ ವಾಪಸ್ ಬರಬೇಕೋ ಆರಿಸಿಕೊಳ್ಳಬೇಕು. ತೊಂದರೆ ಏನೆಂದರೆ ಆಯ್ಕೆಯೇ ಸುಳ್ಳು. ವಾಪಸ್ ಬರುತ್ತಾನೆ ಅಂತ ಐದು ವರ್ಷದ ಮಗುವಿಗೂ ಗೊತ್ತು.

ಇದನ್ನು ಸರಿಮಾಡಿದ್ದು ಎರಡು ಪಾತ್ರಗಳಿಂದ. ಒಂದು ವೀಝಿ, ಪೀಪಿ ಕೆಟ್ಟುಹೋದ ಪೆಂಗ್ವಿನ್. ಮೊದಲ ಅಂಕದಲ್ಲೇ ವುಡಿಯ ತೋಳು ಹರಿಯುತ್ತದೆ, ಅವನನ್ನು ಮೇಲಿನ ಶೆಲ್ಫಿಗೆ ಏರಿಸುತ್ತಾರೆ. ಅಲ್ಲಿ ಪುಸ್ತಕಗಳ ಹಿಂದೆ ಧೂಳು ಹಿಡಿದು ಕೂತ ವೀಝಿ ಸಿಗುತ್ತಾನೆ. ಕೆಟ್ಟ ಗೊಂಬೆಯ ಗತಿ ಏನು ಅಂತ ಯಾರೂ ವಿವರಿಸುವುದಿಲ್ಲ, ಧೂಳೇ ಹೇಳುತ್ತದೆ. ಎರಡನೆಯದು ಜೆಸ್ಸಿ ಎಂಬ ಗೊಂಬೆಯ ಹಾಡು. ಎಮಿಲಿ ಎಂಬ ಹುಡುಗಿ ಬೆಳೆಯುತ್ತಾಳೆ, ಗೊಂಬೆ ಮಂಚದ ಕೆಳಗೆ ಬೀಳುತ್ತದೆ. ಎಷ್ಟೋ ಕಾಲದ ಮೇಲೆ ಅವಳೇ ಎತ್ತಿಕೊಂಡಾಗ ಜೆಸ್ಸಿಗೆ ಆಸೆ ಚಿಗುರುತ್ತದೆ. ಕಾರು ನಿಲ್ಲುವುದು ದಾನದ ಡಬ್ಬಿಯ ಹತ್ತಿರ. ಈ ಎರಡಾದ ಮೇಲೆ ಮ್ಯೂಸಿಯಂ ಅಂದರೆ ಜೈಲಲ್ಲ, ಯಾರೂ ಬಿಸಾಡದ ಜಾಗ. ವುಡಿ ಅಲ್ಲೇ ಉಳಿಯುತ್ತೇನೆ ಅಂದಾಗ ನಾವು ತಲೆಯಾಡಿಸುತ್ತೇವೆ. ಆಮೇಲೆ ಅವನು ವಾಪಸ್ ಹೊರಟರೆ, ಆ್ಯಂಡಿ ದೊಡ್ಡವನಾಗಿ ತನ್ನನ್ನು ಬಿಡುತ್ತಾನೆ ಅಂತ ಗೊತ್ತಿದ್ದೇ ಹೊರಡುತ್ತಾನೆ.

ಗಮನಿಸಿ, ಕಥಾವಸ್ತುವಿನ ದೊಡ್ಡ ಹಂದರ ಬದಲಾಗಲಿಲ್ಲ. ತಕ್ಕಡಿಯ ಎದುರು ತಟ್ಟೆಗೆ ತೂಕ ಹಾಕಿದರು, ಅಷ್ಟೇ. ಮೂರನೇ ಭಾಗ ನಿಂತಿರುವುದೂ ಆ ತೂಕದ ಮೇಲೇ: ಅದರ ಖಳ ಲಾಟ್ಸೊ ಅಂದರೆ ಜೆಸ್ಸಿಯ ಗಾಯವನ್ನೇ ಹೊತ್ತು ಕಹಿಯಾದವನು.

ಒಂದೇ ಜೋಡಿ ಬರೆದಾಗ ಸಿಗುವ ಲಾಭ ‘ಕುಂಗ್ ಫು ಪಾಂಡಾ’ದಲ್ಲಿ ಕಾಣುತ್ತದೆ. ಮೊದಲ ಭಾಗದಲ್ಲಿ ಹೆಬ್ಬಾತು ಅಪ್ಪ ಪಿಂಗ್, ‘ನಿನಗೆ ಎಂದೋ ಹೇಳಬೇಕಿದ್ದ ವಿಷಯ’ ಅಂತ ಪಾಂಡಾ ಮಗ ಪೋನನ್ನು ಕೂರಿಸಿಕೊಳ್ಳುತ್ತಾನೆ. ದತ್ತು ವಿಷಯ ಬಂತು ಅಂತ ನಾವು ಕಾಯುತ್ತೇವೆ. ಅವನು ಹೇಳುವುದು ಸೂಪಿನ ಗುಟ್ಟು. ನಗೆಗೆಂದು ಇಟ್ಟ ಆ ತಪ್ಪಿಸಿಕೊಳ್ಳುವಿಕೆಯನ್ನು ಎರಡನೇ ಭಾಗ (2011) ಸಾಲದ ಪತ್ರ ಮಾಡಿಕೊಂಡಿತು: ನಾನು ಯಾರ ಮಗ, ನನ್ನನ್ನು ಮೂಲಂಗಿ ಪೆಟ್ಟಿಗೆಯಲ್ಲಿ ಬಿಟ್ಟವರು ಯಾರು? ಖಳ ಶೆನ್ ನವಿಲಿನ ಕತೆಯೂ ಅದೇ ಪ್ರಶ್ನೆಯ ಇನ್ನೊಂದು ತುದಿ, ಅಪ್ಪ ಅಮ್ಮ ತನ್ನನ್ನು ಪ್ರೀತಿಸಲಿಲ್ಲ ಅಂತ ನಂಬಿ ಕೆಟ್ಟವನು. ಹೊರಗಿನ ಲೇಖಕರು ಆ ಸೂಪಿನ ನಗೆಯನ್ನು ನಗೆಯಾಗಿಯೇ ಓದಿಬಿಡುವ ಸಾಧ್ಯತೆ ಹೆಚ್ಚು.

ಹಾಗಂತ ಹೊಸಬರು ಬಂದರೆ ಕೆಡುತ್ತದೆ ಅಂತಲ್ಲ. ‘ಶ್ರೆಕ್ 2’ಕ್ಕೆ ಮೊದಲ ಭಾಗದ ಟೆಡ್ ಎಲಿಯಟ್ ಮತ್ತು ಟೆರಿ ರೋಸಿಯೊ ಸಾಂಪ್ರದಾಯಿಕ ಕಿನ್ನರಿ ಕತೆಯ ದಾರಿ ಹಿಡಿಯಬೇಕು ಅಂದರು. ನಿರ್ಮಾಪಕರಿಗೂ ಅವರಿಗೂ ಹೊಂದಲಿಲ್ಲ, ಅವರು ಹೊರನಡೆದರು. ನಿರ್ದೇಶಕ ಆ್ಯಂಡ್ರ್ಯೂ ಆ್ಯಡಮ್ಸನ್ ಕತೆ ಕೈಗೆತ್ತಿಕೊಂಡು ಅಳಿಯ ಮೊದಲ ಸಲ ಮಾವನ ಮನೆಗೆ ಹೋಗುವ ಕತೆ ಮಾಡಿದರು. ಮೊದಲ ಭಾಗದ ತೀರ್ಮಾನ: ರಾಜಕುಮಾರಿ ಫಿಯೋನಾ ಶ್ರೆಕ್‌ಗಾಗಿ ಅವನಂತೆಯೇ ಆಗ್ರ್ (ರಾಕ್ಷಸ) ರೂಪದಲ್ಲೇ ಉಳಿಯುತ್ತಾಳೆ. ಎರಡನೇದು ಅದನ್ನೇ ಮಗುಚಿ ಹಾಕುತ್ತದೆ: ಶ್ರೆಕ್ ಅವಳಿಗಾಗಿ ಮದ್ದು ಕುಡಿದು ಮನುಷ್ಯನಾಗುತ್ತಾನೆ, ನಡುರಾತ್ರಿಗೆ ಮುಂಚೆ ಮತ್ತೆ ಆರಿಸಬೇಕಾದವಳು ಅವಳು. ನಾಲ್ಕನೇ ಭಾಗದ ಹೊತ್ತಿಗೆ ಮಗುಚಲು ಏನೂ ಉಳಿಯಲಿಲ್ಲ. ಅದಕ್ಕೇ ಶ್ರೆಕ್ ಹುಟ್ಟಿಯೇ ಇರದ ಲೋಕವನ್ನು ಒಪ್ಪಂದದ ನೆಪದಲ್ಲಿ ತಂದು ಮೊದಲ ಭಾಗದ ಪ್ರೇಮವನ್ನೇ ಮತ್ತೊಮ್ಮೆ ನಡೆಸಬೇಕಾಯಿತು. ಜಾಣ ಉಪಾಯ, ಆದರೆ ಅದು ಒರೆಸುವಿಕೆಯೇ.


ಫ್ರೇಮ್24:

ಮಸಿಕುಡಿಕೆ ಅವರ ಸೂತ್ರ ಚೆಂದ ಇದೆ, ಎಲ್ಲ ಬೀಗಕ್ಕೂ ಹತ್ತುವುದಿಲ್ಲ. ‘ಇನ್‌ಕ್ರೆಡಿಬಲ್ಸ್ 2’ ನೋಡಿ. ಎರಡೂ ಭಾಗ ಬರೆದು ನಿರ್ದೇಶಿಸಿದ್ದು ಬ್ರಾಡ್ ಬರ್ಡ್. ನಡುವೆ 14 ವರ್ಷ (2004, 2018), ಆದರೆ ಕತೆಯ ಒಳಗೆ ಒಂದು ದಿನವೂ ಕಳೆದಿಲ್ಲ, ಖಳ ಅಂಡರ್‌ಮೈನರ್ ನೆಲದಿಂದ ಎದ್ದ ಕ್ಷಣದಿಂದಲೇ ಶುರು. ಬರ್ಡ್‌ಗೆ ಆರಂಭದಿಂದ ಗಟ್ಟಿಯಾಗಿದ್ದದ್ದು ಎರಡೇ: ಸೂಪರ್‌ಹೀರೊ ದಂಪತಿಯಲ್ಲಿ ಹೆಲೆನ್ ಹೊರಗೆ ದುಡಿಯುತ್ತಾಳೆ ಬಾಬ್ ಮನೆಯಲ್ಲಿ, ಮತ್ತು ಅವರ ಕೂಸು ಜ್ಯಾಕ್-ಜ್ಯಾಕ್‌ನ ಶಕ್ತಿ ಪ್ರೇಕ್ಷಕರಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಖಳನ ಎಳೆ ಮಾತ್ರ ಮತ್ತೆ ಮತ್ತೆ ಬದಲಾಯಿತು. ಅದರ ನಡುವೆ ಬಿಡುಗಡೆ ದಿನಾಂಕ ‘ಟಾಯ್ ಸ್ಟೋರಿ 4’ರ ಜತೆ ಅದಲುಬದಲಾಗಿ ಒಂದು ವರ್ಷ ಹಿಂದಕ್ಕೆ, ಅಂದರೆ 2019ರಿಂದ 2018ಕ್ಕೆ ಬಂತು. ಮನೆಯ ದೃಶ್ಯಗಳು ಗಟ್ಟಿ, ಖಳನ ಗುಟ್ಟು ಸಡಿಲ ಅನ್ನಿಸುವುದಕ್ಕೆ ಕಾರಣ ಅಲ್ಲೇ ಇದೆ ಅಂತ ನನ್ನ ಅಂದಾಜು.

ಅದಕ್ಕೇ ನಾನು ಮೊದಲು ನೋಡುವುದು ಎರಡು ಭಾಗಗಳ ನಡುವೆ ಕತೆಯೊಳಗೆ ಎಷ್ಟು ಕಾಲ ಕಳೆದಿದೆ ಅಂತ. ಆ ಒಂದು ಅಂಕಿ ಬರೆಯುವವರ ಮನಸ್ಸನ್ನು ಬಯಲು ಮಾಡುತ್ತದೆ. ಶೂನ್ಯ ಅಂದರೆ ಪಾತ್ರಗಳು ನನಗೆ ಹೀಗೇ ಬೇಕು, ಬದಲಾಗುವುದು ಬೇಡ ಅಂತ. 5 ವರ್ಷ ಅಂದರೆ ಬೇರೆ ಮನುಷ್ಯನ ಕತೆ. ಡೆಬ್ಲುವಾ ಎರಡನೇ ‘ಡ್ರ್ಯಾಗನ್’ಗೆ (2014) ನಾಯಕ ಹಿಕ್ಕಪ್‌ನನ್ನು 20 ವರ್ಷದವನಾಗಿ ಮಾಡಿದರು. ಸೀಕ್ವೆಲ್ ಕೇಳಿದಾಗ ಅವರು ಮುಂದಿಟ್ಟದ್ದೇ ಮೂರು ಭಾಗದ ಯೋಜನೆ, ಡ್ರ್ಯಾಗನ್‌ಗಳು ಯಾಕೆ ಈಗ ಇಲ್ಲ ಎಂಬಲ್ಲಿಗೆ ಮುಟ್ಟುವ ಕತೆ. ಕೊನೆ ಗೊತ್ತಿದ್ದವರು ನಡುವಿನ ಭಾಗದಲ್ಲಿ ಅಪ್ಪನನ್ನು ಕೊಲ್ಲುವ ಧೈರ್ಯ ಮಾಡಬಲ್ಲರು, ಅದೂ ಹಿಕ್ಕಪ್‌ನ ಡ್ರ್ಯಾಗನ್ ಟೂತ್‌ಲೆಸ್‌ನ ಕೈಯಿಂದ.

ಆ ಚಿತ್ರದ ಜೋಡಣೆಯನ್ನು ಬಿಡಿಸಿ ನೋಡಿದರೆ ಒಂದೇ ಪ್ರಶ್ನೆಗೆ ಮೂರು ಉತ್ತರ: ಮಾತಾಡಿದರೆ ಮನುಷ್ಯರ ಮನಸ್ಸು ಬದಲಾಗುತ್ತದೆ (ಹಿಕ್ಕಪ್), ಬದಲಾಗುವುದಿಲ್ಲ, ದೂರ ಇರುವುದೇ ಮೇಲು (ಅಮ್ಮ ವಾಲ್ಕಾ), ಹೆದರಿಸಿ ಆಳಬೇಕು (ಡ್ರಾಗೊ). ಹೊಸ ಪಾತ್ರ ತರುವಾಗ ಇದು ಒಳ್ಳೆಯ ಪರೀಕ್ಷೆ. ಅದು ನಡುವಿನ ಪ್ರಶ್ನೆಗೆ ತನ್ನದೇ ಉತ್ತರ ಹೊತ್ತು ಬಂದಿದೆಯೋ, ಬರೀ ಆಟಿಕೆ ಅಂಗಡಿಗಾಗಿ ಬಂದಿದೆಯೋ?

ಕಾಲ ಹಾರಿಸಿದರೆ ಖರ್ಚೂ ಇದೆ, ಅದನ್ನು ಲೇಖಕರು ಮರೆಯುತ್ತಾರೆ. ಎಲ್ಲರ ವಯಸ್ಸು ಬದಲಾದರೆ ಪ್ರತಿ ಮುಖ್ಯ ಪಾತ್ರದ ಮಾದರಿ, ಬಟ್ಟೆ, ಕೂದಲು ಹೊಸದಾಗಿ ಕಟ್ಟಬೇಕು. ಹಳೆಯ ಭಾಗದ್ದು ಇದೆಯಲ್ಲ, ಅಗ್ಗವಾಗುತ್ತದೆ ಅನ್ನುವ ಲೆಕ್ಕ ಹತ್ತು ವರ್ಷದ ಅಂತರದಲ್ಲಿ ನಡೆಯುವುದಿಲ್ಲ. ಸಾಫ್ಟ್‌ವೇರೇ ಬದಲಾಗಿರುತ್ತದೆ, ಹಳೆಯ ರಿಗ್ (ಪಾತ್ರವನ್ನು ಆಡಿಸುವ ಡಿಜಿಟಲ್ ಎಲುಬಿನ ಗೂಡು) ತೆರೆಯುವುದೇ ಕಷ್ಟ. ಇನ್ನು ನೀರು, ಗುಂಪು, ಉದ್ದ ಕೂದಲು, ಒದ್ದೆ ಬಟ್ಟೆ ಇವು ಪುಟದ ಮೇಲೆ ಒಂದು ಸಾಲು, ಇಲಾಖೆಗಳಿಗೆ ತಿಂಗಳುಗಳು.


ಸೀನ್‌47:

ಮೂವರಿಗೂ ಧನ್ಯವಾದ. ಎರಡು ಮರುಪ್ರಶ್ನೆ. ‘ಇನ್‌ಸೈಡ್ ಔಟ್ 2’ ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ? ಮೊದಲ ಭಾಗದಂತೆಯೇ ಹುಡುಗಿಯ ತಲೆಯೊಳಗಿನ ಸಂತೋಷದ ಭಾವನೆ ಜಾಯ್, ಅವಳ ಮನಸ್ಸಿನ ಹೆಡ್‌ಕ್ವಾರ್ಟರ್ಸ್‌ನಿಂದ ಹೊರಗೆ ಬಿದ್ದು ಮತ್ತೆ ಒಳಗೆ ಬರುವ ಪಯಣ. ಅದು ಒರೆಸುವಿಕೆ ಅಲ್ಲವೇ? ಮತ್ತೆ, ಪಕ್ಕದ ಪಾತ್ರವನ್ನು ನಾಯಕ ಮಾಡುವ ಸೀಕ್ವೆಲ್‌ಗಳದ್ದೇ ಬೇರೆ ಕಷ್ಟ ಇರಬೇಕಲ್ಲ?


ಫ್ರೇಮ್24:

ಅಸ್ಥಿಪಂಜರ ಪುನರಾವರ್ತನೆ ಅನ್ನುವುದನ್ನು ಒಪ್ಪುತ್ತೇನೆ. ಒರೆಸುವಿಕೆ ಅರ್ಧ ಮಾತ್ರ. ಮೊದಲ ಭಾಗ ಬರೆದವರಲ್ಲಿ ಒಬ್ಬರಾದ ಮೆಗ್ ಲಫೋವ್ ಇಲ್ಲೂ ಇದ್ದಾರೆ. ಕತೆ ಲಫೋವ್ ಮತ್ತು ನಿರ್ದೇಶಕ ಕೆಲ್ಸಿ ಮ್ಯಾನ್ ಅವರದು, ಚಿತ್ರಕಥೆ ಲಫೋವ್ ಮತ್ತು ಡೇವ್ ಹೋಲ್‌ಸ್ಟೈನ್ ಅವರದು. ಮೊದಲ ಭಾಗದಲ್ಲಿ ಜಾಯ್ ತಡೆದದ್ದು ಸ್ಯಾಡ್‌ನೆಸ್‌ಳನ್ನು (ದುಃಖವನ್ನು). ಈಗ ಸ್ಯಾಡ್‌ನೆಸ್ ಗೆಳತಿ, ಅದು ಒರೆಸಿಲ್ಲ. ಆದರೆ ಬೇಡದ ನೆನಪುಗಳನ್ನು ಕೊಳವೆಯಲ್ಲಿ ಮನಸ್ಸಿನ ಹಿಂಬದಿಗೆ ಎಸೆಯುತ್ತಾಳೆ. ಅಂದರೆ ಅದೇ ಚಾಳಿ ಹೊಸ ರೂಪದಲ್ಲಿ ಉಳಿದಿದೆ. ಹಾಗೆ ಬರೆಯುವುದರಲ್ಲಿ ತಪ್ಪಿಲ್ಲ, ಮನುಷ್ಯರ ಚಾಳಿ ಒಂದು ಪಾಠಕ್ಕೆ ಹೋಗುವುದಿಲ್ಲ. ನನ್ನ ತಕರಾರು ಇಷ್ಟೇ: ‘ಇದೇ ತಪ್ಪನ್ನು ಮುಂಚೆ ಮಾಡಿದ್ದೆ’ ಎಂಬ ಅರಿವು ಅವಳಿಗೆ ಇನ್ನೂ ಬೇಗ ಬರಬೇಕಿತ್ತು.

ಆ ಚಿತ್ರದಿಂದ ಕಲಿಯಬೇಕಾದದ್ದು ಪಾತ್ರಗಳ ಲೆಕ್ಕ. ಆರಂಭದ ರೂಪದಲ್ಲಿ ಹೊಸ ಭಾವನೆಗಳು ಈಗಿರುವುದಕ್ಕಿಂತ ಹೆಚ್ಚಿದ್ದವು. ಪ್ರೇಕ್ಷಕರಿಗೆ ಹೆಸರು ನೆನಪಿಡುವುದೇ ಕೆಲಸವಾಗುತ್ತಿತ್ತು. ಕೊನೆಗೆ ನಾಲ್ಕಕ್ಕೆ ಇಳಿಸಿದರು. ಆ ನಾಲ್ಕರಲ್ಲೂ ಕತೆಯ ಚುಕ್ಕಾಣಿ ಇರುವುದು ಆ್ಯಂಗ್ಸೈಟಿಯ (ಆತಂಕದ) ಕೈಯಲ್ಲಿ ಮಾತ್ರ, ಉಳಿದ ಮೂವರು ಬಣ್ಣ ತುಂಬುವವರು. ಹೊಸ ಮುಖ್ಯ ಪಾತ್ರವೊಂದಕ್ಕೆ ಪರಿಚಯ, ಆಸೆ, ನಾಯಕನ ಜತೆ ತಿಕ್ಕಾಟ ಇಷ್ಟನ್ನು ನೆಟ್ಟಗೆ ಮಾಡಲು 5–6 ಪುಟ ಬೇಕೇ ಬೇಕು. ಹಳಬರೇ ಐದಾರು ಜನರಿರುವ 90 ಪುಟದಲ್ಲಿ ಅಂಥವರು ಎಷ್ಟು ಜನ ಹಿಡಿಯುತ್ತಾರೆ ಅಂತ ನೀವೇ ಲೆಕ್ಕ ಹಾಕಿ.


ಅಡ್ಡಪಾತ್ರ:

ಪಕ್ಕದ ಪಾತ್ರದ ಪ್ರಶ್ನೆಗೆ ‘ಫೈಂಡಿಂಗ್ ಡೋರಿ’ (2016) ಪಠ್ಯಪುಸ್ತಕ. ಸ್ಟ್ಯಾಂಟನ್ ಜತೆಗೆ ಚಿತ್ರಕಥೆ ಬರೆದವರು ವಿಕ್ಟೋರಿಯಾ ಸ್ಟ್ರೌಸ್, ಮೊದಲ ಭಾಗದಲ್ಲಿ ಇರದವರು.

ಡೋರಿ ಎಂಬ ಮೀನು ಮೊದಲ ಭಾಗದಲ್ಲಿ (‘ಫೈಂಡಿಂಗ್ ನೀಮೊ’) ಗೆದ್ದದ್ದು ಮರೆವಿನಿಂದ. ನಗೆ ಅವಳದು, ಕತೆ ಮಗ ನೀಮೊನನ್ನು ಹುಡುಕುವ ಮಾರ್ಲಿನ್‌ನದು, ಅವಳು ಮರೆತರೆ ತೊಂದರೆ ಅವನಿಗೆ. ಅವಳನ್ನೇ ನಡುವೆ ನಿಲ್ಲಿಸಿದ ಕೂಡಲೇ ಆ ಮರೆವೇ ಶತ್ರು. ನಾಯಕಿಯಾದವಳು ತಾನು ಏನು ಹುಡುಕುತ್ತಿದ್ದೇನೆ, ಎಷ್ಟು ದೂರ ಬಂದೆ, ನಿನ್ನೆಗಿಂತ ಹೇಗೆ ಬದಲಾದೆ ಅಂತ ತಾನೇ ಲೆಕ್ಕ ಇಡಬೇಕು. ಅವಳಿಗೆ ಅದು ಆಗುವುದಿಲ್ಲ. ದೃಶ್ಯ 12ರಲ್ಲಿ ಕಲಿತದ್ದು ದೃಶ್ಯ 15ಕ್ಕೆ ಇಲ್ಲ. ಅದಕ್ಕೆ ಮಾಡಿದ ಉಪಾಯ: ನೆನಪುಗಳನ್ನು ಪ್ರೇಕ್ಷಕರ ಕೈಗೆ ಕೊಡುವುದು. ಪುಟಾಣಿ ಡೋರಿಯ ದೃಶ್ಯಗಳು ನಡುನಡುವೆ ಬರುತ್ತವೆ, ಪ್ರತಿಯೊಂದನ್ನೂ ಎದುರಿಗಿರುವ ಒಂದು ವಸ್ತು ಎಬ್ಬಿಸುತ್ತದೆ. ಚಿಪ್ಪಿನ ಸಾಲು ನೋಡಿ. ಅಪ್ಪ ಅಮ್ಮ ಚಿಪ್ಪುಗಳ ದಾರಿ ಹಿಡಿದು ಮನೆಗೆ ಬಾ ಅಂತ ಕಲಿಸಿದ್ದು ಆರಂಭದಲ್ಲೇ ಬಿತ್ತಿದ್ದಾರೆ. ಮೂರನೇ ಅಂಕದಲ್ಲಿ ಅವಳು ಒಬ್ಬಳೇ ಸಮುದ್ರದಲ್ಲಿ ಬಿದ್ದಾಗ, ‘ನನಗೆ ಚಿಪ್ಪು ಇಷ್ಟ’ ಅಂತ ಸುಮ್ಮನೆ ಒಂದು ಚಿಪ್ಪಿನ ಕಡೆ ಹೋಗುತ್ತಾಳೆ. ಅದರಾಚೆ ಇನ್ನೊಂದು, ಮತ್ತೊಂದು. ಅವಳಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ನೆನಪಿಲ್ಲದ ನಾಯಕಿಗೆ ಇದಕ್ಕಿಂತ ಒಳ್ಳೆಯ ಕ್ಲೈಮ್ಯಾಕ್ಸ್ ಕಟ್ಟಲಾಗದು: ಅವಳು ತನ್ನ ಸ್ವಭಾವದಿಂದಲೇ ಮುಟ್ಟುತ್ತಾಳೆ, ಲೆಕ್ಕದಿಂದಲ್ಲ.

ಪಕ್ಕದ ಪಾತ್ರಕ್ಕೆ ಬಡ್ತಿ ಕೊಡುವ ಮುನ್ನ ಕೇಳಬೇಕಾದ್ದು ಒಂದೇ. ಅದರ ನಗೆ ಹುಟ್ಟುವುದು ಯಾವ ಕೊರತೆಯಿಂದ, ಆ ಕೊರತೆಯಿಂದ ಅದಕ್ಕೇ ನೋವಾಗುವ ದೃಶ್ಯ ಬರೆಯಲು ಆಗುತ್ತದೆಯೇ? ಆಗದಿದ್ದರೆ ಕಿರುಚಿತ್ರಕ್ಕೆ ಸಾಕು, 90 ನಿಮಿಷಕ್ಕೆ ಸಾಲದು. ಆಮೇಲೆ ಹಳೆಯ ನಾಯಕನಿಗೂ ಕೆಲಸ ಹುಡುಕಬೇಕು. ‘ಡೋರಿ’ಯಲ್ಲಿ ಮಾರ್ಲಿನ್, ನೀಮೊ ಬರುವ ಭಾಗಗಳು ಹಿಂದೆ ಓಡುವ ಭಾಗಗಳಾಗಿಯೇ ಉಳಿದುವು, ಅದು ಆ ಚಿತ್ರದ ದುರ್ಬಲ ಎಳೆ.


ಹಳೇರೀಲು:

ಒಂದು ಸೇರಿಸುತ್ತೇನೆ. ಹಾಡಿರುವ ಚಿತ್ರವಾದರೆ ಹಾಡು ಬರೆಯುವವರನ್ನೂ ಚಿತ್ರಕಥೆಗಾರರ ಪಟ್ಟಿಯಲ್ಲೇ ಎಣಿಸಿ. ‘ಫ್ರೋಜನ್ 2’ರಲ್ಲಿ ಚಿತ್ರಕಥೆ ಜೆನಿಫರ್ ಲೀ, ಆದರೆ ಕತೆಯ ಕ್ರೆಡಿಟ್‌ನಲ್ಲಿ ಹಾಡು ಬರೆದ ಕ್ರಿಸ್ಟನ್ ಆ್ಯಂಡರ್ಸನ್-ಲೋಪೆಜ್, ರಾಬರ್ಟ್ ಲೋಪೆಜ್ ಕೂಡ ಇದ್ದಾರೆ. ನಾಯಕಿ ಎಲ್ಸಾಳನ್ನು ಕರೆಯುತ್ತಿರುವ ದನಿ ಯಾರದು ಎಂಬುದು ಎಲ್ಲ ಇಲಾಖೆಗಳಿಗೂ ಒಂದೇ ಉತ್ತರವಾಗುವವರೆಗೆ ಎರಡನೇ ಅರ್ಧದ ದೊಡ್ಡ ಹಾಡು ‘ಶೋ ಯುವರ್‌ಸೆಲ್ಫ್’ ನಿಲ್ಲುವುದಿಲ್ಲ. ಹಾಡು ಕೆಲಸ ಮಾಡುತ್ತಿಲ್ಲ ಅಂದಾಗ ರಾಗ ತಿದ್ದುವ ಮೊದಲು, ಆ ಹಾಡಿನ ಮುಂಚೆ ಮತ್ತು ಆಮೇಲೆ ಪಾತ್ರ ಒಂದೇ ಜಾಗದಲ್ಲಿ ನಿಂತಿದೆಯೇ ನೋಡಿ. ನಿಂತಿದ್ದರೆ ತಪ್ಪು ಕತೆಯದು.

ಮೊದಲು ಬೇರೆ ರೂಪಕ್ಕೆ ಬರೆದದ್ದನ್ನು ಸಿನಿಮಾಕ್ಕೆ ಮಡಚುವುದೂ ಬೇರೆ ಜಾತಿಯ ಕಷ್ಟ. ‘ಮೊವಾನಾ 2’ ಸ್ಟ್ರೀಮಿಂಗ್ ಸರಣಿಯಾಗಿ ಶುರುವಾಗಿ 2024ರಲ್ಲಿ ಸಿನಿಮಾ ಆಯಿತು. ದೋಣಿಯಲ್ಲಿರುವ ಹೊಸ ಮೂವರನ್ನು ನೋಡಿ, ಒಬ್ಬೊಬ್ಬರಿಗೂ ಒಂದೊಂದು ಕಂತು ಸಿಗಬೇಕಿದ್ದ ಪಾತ್ರಗಳಂತೆ ಕಾಣುತ್ತಾರೆ. ಸಿನಿಮಾದ ಅಳತೆಯಲ್ಲಿ ಅವರಿಗೆ ಉಳಿದದ್ದು ಒಂದೊಂದು ಗುಣ.


ಮಸಿಕುಡಿಕೆ:

ಸೀನ್‌47 ಅವರೇ, ನೀವು ಶುರುವಿನಲ್ಲೇ ಕೇಳಿದ ಒಂದು ಪ್ರಶ್ನೆಗೆ ಯಾರೂ ಬಂದಿಲ್ಲ: 85 ಪುಟ ಕೈಗೆ ಬಂದರೆ ಏನು ಮಾಡುವುದು.

ಮೊದಲ ಓದಿಗೆ ಪೆನ್ಸಿಲ್ ಮುಟ್ಟಬೇಡಿ. ಎರಡನೇ ಓದಿಗೆ ಮೂರು ಬಣ್ಣ ಇಟ್ಟುಕೊಳ್ಳಿ. ಲೋಕದ ನಿಯಮಗಳಿಗೆ ಒಂದು (ಮನುಷ್ಯರ ಎದುರು ಗೊಂಬೆಗಳು ಅಲುಗಾಡುವುದಿಲ್ಲ ಎನ್ನುವಂಥದ್ದು), ಹೇಳಿ ಮುಗಿಸದೆ ಬಿಟ್ಟ ಮಾತು, ವಸ್ತುಗಳಿಗೆ ಒಂದು, ನಾಯಕ ಏನಾದರೂ ಕಳೆದುಕೊಂಡ ಜಾಗಗಳಿಗೆ ಒಂದು. ಎಲ್ಲದಕ್ಕೂ ಪುಟಸಂಖ್ಯೆ ಸಮೇತ ಪಟ್ಟಿ. ನಿಯಮಗಳ ಪಟ್ಟಿಯನ್ನು ಮುರಿಯಬಾರದು. ಮುರಿದರೆ ಅದೇ ಕತೆಯಾಗಬೇಕು, ಅನುಕೂಲಕ್ಕೆ ಮುರಿದರೆ ಮಕ್ಕಳೇ ಮೊದಲು ಹಿಡಿಯುತ್ತಾರೆ. ಎರಡನೇ ಬಣ್ಣದ ಪಟ್ಟಿ ನಿಮ್ಮ ಖಜಾನೆ, ಸೂಪಿನ ನಗೆಯಂಥವು ಸಿಗುವುದು ಅಲ್ಲಿ. ‘ಸ್ಪೈಡರ್-ವರ್ಸ್’ ಮೊದಲ ಭಾಗದಲ್ಲಿ ನಾಯಕ ಮೈಲ್ಸ್‌ಗೆ ಕಚ್ಚಿದ ಜೇಡದ ಮೇಲೆ 42 ಅಂತ ಇತ್ತು. ಎರಡನೇ ಭಾಗ ಅದನ್ನು ಹಿಡಿದು, ಆ ಜೇಡ ಈ ಲೋಕದ್ದೇ ಅಲ್ಲ, ನೀನು ಸ್ಪೈಡರ್-ಮ್ಯಾನ್ ಆಗಬೇಕಾದವನೇ ಅಲ್ಲ ಅಂತ ಅವನ ಬುಡಕ್ಕೇ ಕೊಡಲಿ ಹಾಕುತ್ತದೆ.

ಇಷ್ಟಾದ ಮೇಲೆ ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿರಿ: ನಾಯಕನ ಕೊನೆಯ ತೀರ್ಮಾನ, ಅದಕ್ಕೆ ಅವನು ತೆತ್ತದ್ದು. ಅದರ ಕೆಳಗೆ, ಆ ತೀರ್ಮಾನ ಸರಿ ಅಂತ ಒಪ್ಪಿಕೊಂಡೇ ಅವನನ್ನು ಕಷ್ಟಕ್ಕೆ ಸಿಕ್ಕಿಸುವ ಹತ್ತು ಸನ್ನಿವೇಶ. ಮೊದಲ ನಾಲ್ಕೈದು ಎಲ್ಲರಿಗೂ ಹೊಳೆಯುವಂಥವು, ಹೊಡೆದುಹಾಕಿ. ಉಳಿದದ್ದರಲ್ಲಿ ಒಂದನ್ನು ಆರಿಸಿ 30 ಕಾರ್ಡ್‌ಗಳಲ್ಲಿ ಹರಡಿ, ಒಂದು ಕಾರ್ಡ್ ಅಂದರೆ ಒಂದು ಸೀಕ್ವೆನ್ಸ್. ಕಾರ್ಡಿನ ಮೇಲೆ ಏನು ನಡೆಯುತ್ತದೆ ಅಂತ ಬರೆದರೆ ಸಾಲದು, ‘ಆದ್ದರಿಂದ’ ಅಥವಾ ‘ಆದರೆ’ ಹಾಕಿ ಹಿಂದಿನ ಕಾರ್ಡಿಗೆ ಜೋಡಿಸಿ. ‘ಆಮೇಲೆ’ ಅಂತ ಮಾತ್ರ ಜೋಡಿಸಲು ಸಾಧ್ಯವಾಗುವ ಕಾರ್ಡ್ ಎಲ್ಲಿದೆಯೋ ಅಲ್ಲಿ ಪ್ರೇಕ್ಷಕರು ಫೋನ್ ತೆಗೆಯುತ್ತಾರೆ.

ಹಿಂದಿನ ಕತೆ ನೆನಪಿಸುವುದಕ್ಕೆ ಮೂರು ನಿಮಿಷದ ಮೇಲೆ ಕೊಡಬೇಡಿ. ‘ಹಿಂದೆ ಏನಾಯಿತೆಂದರೆ’ ಅಂತ ಒಬ್ಬ ಪಾತ್ರ ಇನ್ನೊಬ್ಬನಿಗೆ ಗೊತ್ತಿರುವುದನ್ನೇ ಹೇಳುವ ಸಂಭಾಷಣೆ ಸೀಕ್ವೆಲ್‌ಗಳ ಹಳೇ ರೋಗ. ಮೊದಲ 15 ಪುಟವನ್ನು ಹಿಂದಿನ ಭಾಗ ನೋಡದೇ ಇರುವ ಒಬ್ಬರಿಗೆ ಓದಲು ಕೊಟ್ಟು, ಇವನಿಗೆ ಏನು ಬೇಕು, ಯಾಕೆ ಸಿಗುತ್ತಿಲ್ಲ ಅಂತ ಕೇಳಿ. ಎರಡಕ್ಕೂ ಉತ್ತರ ಬಂದರೆ ನೆನಪಿಸುವ ದೃಶ್ಯವೇ ಬೇಕಿಲ್ಲ.


ಸೀನ್‌47:

ಬಹಳ ಉಪಯೋಗವಾಯಿತು. ಕೊನೆಯದೊಂದು: ಎರಡನೇ ಭಾಗವನ್ನು ಅರ್ಧಕ್ಕೆ ನಿಲ್ಲಿಸಿ ಮೂರನೆಯದಕ್ಕೆ ಬಿಡುವುದು ಲೇಖಕರ ನಿರ್ಧಾರವಾಗಿ ಸರಿಯೇ?


ಫ್ರೇಮ್24:

‘ಅಕ್ರಾಸ್ ದ ಸ್ಪೈಡರ್-ವರ್ಸ್’ (2023) ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಫಿಲ್ ಲಾರ್ಡ್, ಕ್ರಿಸ್ಟೋಫರ್ ಮಿಲ್ಲರ್, ಡೇವಿಡ್ ಕ್ಯಾಲಹ್ಯಾಮ್ ಬರೆದದ್ದು, 140 ನಿಮಿಷ. ನನ್ನ ಅಳತೆ ಇದು: ಹೊರಗಿನ ಕತೆ ಅರ್ಧಕ್ಕೆ ನಿಲ್ಲಬಹುದು, ಒಳಗಿನ ಒಂದು ಎಳೆಯಾದರೂ ಆ ಭಾಗದಲ್ಲೇ ಮುಗಿಯಬೇಕು. ಅಲ್ಲಿ ಮೈಲ್ಸ್ ಕತೆ ತೂಗಾಡುತ್ತಿದೆ, ಆದರೆ ಅವನ ಗೆಳತಿ ಗ್ವೆನ್‌ಳಿಂದ ಶುರುವಾದ ಚಿತ್ರ ಅವಳು ಅಪ್ಪನ ಜತೆ ರಾಜಿಯಾಗಿ, ತನ್ನದೇ ತಂಡ ಕಟ್ಟಿಕೊಂಡು ಹೊರಡುವಲ್ಲಿಗೆ ಮುಗಿಯುತ್ತದೆ. ಆರಂಭದ ಸುಮಾರು 20 ನಿಮಿಷ ಅವಳಿಗೆ ಕೊಟ್ಟದ್ದು ದುಂದು ಅಂತ ಮೊದಲ ಸಲ ನೋಡುವಾಗ ಅನ್ನಿಸಿದರೆ, ಕೊನೆಯ ಹತ್ತು ನಿಮಿಷದಲ್ಲಿ ಅದಕ್ಕೆ ಲೆಕ್ಕ ಸಿಗುತ್ತದೆ. ಕಾರ್ಡ್ ಹರಡುವಾಗಲೇ ಮುಗಿಯುವ ಎಳೆಗೆ ಬೇರೆ ಬಣ್ಣ ಕೊಡಿ. ಆ ಬಣ್ಣದ ಕಾರ್ಡ್ ಕೊನೆಯ ಐದರಲ್ಲಿ ಒಂದೂ ಇಲ್ಲದಿದ್ದರೆ ನಿಮ್ಮ ಹತ್ತಿರ ಇರುವುದು ಎರಡನೇ ಭಾಗ ಅಲ್ಲ, ಮೂರನೆಯದರ ಉದ್ದನೆಯ ಟ್ರೈಲರ್.